ಎಲೆಕ್ಟ್ರಾನಿಕ್ಸ್ ಓದಿದವರು ನೀರಿನ ಮೇಲೆ ಪಿಎಚ್‌ಡಿ ಮಾಡಬಹುದಾ?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ, ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಟೆಕ್ ಮುಗಿಸಿದ್ದೇನೆ, ಗೇಟ್ ಅನ್ನೋ ಪ್ರವೇಶ ಪರೀಕ್ಷೆಯ ಸ್ಕೋರ್ ಇದೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಅಳೆಯುವ ಸೆನ್ಸರ್ ಮೇಲೆ ಅಂತರಶಿಸ್ತೀಯ (ಒಂದಕ್ಕಿಂತ ಹೆಚ್ಚು ವಿಭಾಗ ಸೇರಿದ) ಪಿಎಚ್‌ಡಿ ಮಾಡುವ ಆಸೆ. ‘ನೀರು ನಿನ್ನ ಸಬ್ಜೆಕ್ಟ್ ಅಲ್ಲ’ ಅಂತಾರೆ ಕಾಲೇಜಿನ ಸರ್ ಒಬ್ಬರು. ಅಪ್ಪ ಕೆಲಸಕ್ಕೆ ಸೇರು ಅಂತಾರೆ. ಅರ್ಜಿ ಹಾಕಲಾ? ಅದರಲ್ಲಿ ಏನಂತ ಬರೆಯಲಿ?

ಉತ್ತರ: ಖಂಡಿತ ಹಾಕಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೀರಿನ ಸಂಶೋಧನೆಗೆಂದೇ ಅಂತರಶಿಸ್ತೀಯ ಕೇಂದ್ರವಿದೆ. ಯಾವ ಡಿಗ್ರಿ, ಯಾವ ಗೇಟ್ ಪೇಪರ್ ನಡೆಯುತ್ತೆ ಅನ್ನೋದನ್ನು ಆ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ. ಗೇಟ್ ಸ್ಕೋರ್ 3 ವರ್ಷ ಮಾತ್ರ ನಡೆಯುತ್ತೆ, ಮರೆಯಬೇಡಿ.

ಅಪ್ಪನಿಗೆ ಒಂದು ಮಾತು ಹೇಳಿ. ಜೆಆರ್‌ಎಫ್ (ಸಂಶೋಧನಾ ವಿದ್ಯಾರ್ಥಿಗಳಿಗೆ ಕೊಡುವ ಫೆಲೋಶಿಪ್) ದರದಲ್ಲಿ ಮೊದಲ 2 ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ ಬರುತ್ತೆ. ಮನೆಯಿಂದ ದುಡ್ಡು ತರಿಸಿಕೊಂಡು ಓದುವ ಓದಲ್ಲ ಇದು.

ಈಗ ಬರೆಯುವ ವಿಷಯ. ಬಹಳ ಜನ ‘ಚಿಕ್ಕಂದಿನಿಂದಲೂ ಸಂಶೋಧನೆ ಅಂದರೆ ಇಷ್ಟ’ ಅಂತ ಶುರು ಮಾಡ್ತಾರೆ. ಅದು ಬೇಡ. ಫ್ಲೋರೈಡ್‌ನಿಂದ ಊರಿನ ಮಕ್ಕಳ ಹಲ್ಲಿಗೆ ಬರುವ ಕಂದು ಕಲೆಯನ್ನೂ ಎರಡೇ ಸಾಲಿನಲ್ಲಿ ಹೇಳಿ ಮುಗಿಸಿ. ಆಯ್ಕೆ ಮಾಡುವವರು ನೋಡುವುದು ಬೇರೆ: ಈ ಪ್ರಶ್ನೆಗೆ ಎರಡು ವಿಭಾಗ ಯಾಕೆ ಬೇಕು? ಒಂದೇ ವಿಭಾಗದಲ್ಲಿ ಮುಗಿಯುವ ಕೆಲಸವಾದರೆ ಅಲ್ಲೇ ಹೋಗಿ ಅಂತಾರೆ.

ನಿಮ್ಮದು ಮುಗಿಯಲ್ಲ. ಕುಡಿಯುವ ನೀರಿನಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಆಗಬಹುದು ಅನ್ನುತ್ತೆ ನಮ್ಮ ದೇಶದ ಮಾನಕ. ನೀರಿನ ಫ್ಲೋರೈಡನ್ನು ವೋಲ್ಟೇಜ್ ಆಗಿ ತೋರಿಸುವ ಫ್ಲೋರೈಡ್ ಎಲೆಕ್ಟ್ರೋಡ್‌ನಲ್ಲಿ ಈ 1ಕ್ಕೂ 1.5ಕ್ಕೂ ಇರುವ ವ್ಯತ್ಯಾಸ ಸುಮಾರು 10 ಮಿಲಿವೋಲ್ಟ್ ಅಷ್ಟೇ! ಅಷ್ಟು ಸಣ್ಣ ಸಿಗ್ನಲ್ಲನ್ನು ಬಿಸಿಲಲ್ಲಿ, ಪಂಪ್ ಮೋಟಾರ್ ಪಕ್ಕದಲ್ಲಿ ನಂಬುವ ಹಾಗೆ ಅಳೆಯಬೇಕು. ಅದು ಎಲೆಕ್ಟ್ರಾನಿಕ್ಸ್‌ನವರ ಕೆಲಸ. ಆದರೆ ನೀರಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಇದ್ದರೆ ಫ್ಲೋರೈಡ್ ಅವುಗಳ ಜೊತೆ ಕೂಡಿಕೊಳ್ಳುತ್ತೆ, ರೀಡಿಂಗ್ ಕಡಿಮೆ ಬರುತ್ತೆ. ಲ್ಯಾಬ್‌ನಲ್ಲಾದರೆ ಫ್ಲೋರೈಡನ್ನು ಅವುಗಳಿಂದ ಬಿಡಿಸುವ ಬಫರ್ ದ್ರಾವಣ ಬೆರೆಸುತ್ತಾರೆ. ಬೋರ್‌ವೆಲ್ ಹತ್ತಿರ ಯಾರು ಬೆರೆಸಬೇಕು? ಇದಕ್ಕೆ ರಸಾಯನಶಾಸ್ತ್ರ ಗೊತ್ತಿರುವ ಇನ್ನೊಬ್ಬ ಮಾರ್ಗದರ್ಶಕರು ಬೇಕು. ಇಷ್ಟನ್ನು ಒಂದು ಪುಟದಲ್ಲಿ ಬರೆದರೆ ನಿಮ್ಮ ಸರ್‌ಗೂ ಅದೇ ಉತ್ತರ.

ಸಂದರ್ಶನದಲ್ಲಿ ನೀರಿಗಿಂತ ನಿಮ್ಮ ಸ್ವಂತ ವಿಷಯವನ್ನೇ ಜಾಸ್ತಿ ಕೆದಕಬಹುದು. ಆಂಪ್ಲಿಫೈಯರ್, ನಾಯ್ಸ್, ಗಣಿತ ಗಟ್ಟಿ ಇರಲಿ. ಎರಡು ಕಡೆ ಕಾಲಿಡುವವರಿಗೆ ಒಂದು ಕಾಲಾದರೂ ಭದ್ರವಾಗಿರಬೇಕು ಅಲ್ವಾ? ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಂದ ಸುಮ್ನೆ ಬರೆಸಬೇಡಿ. ನಿಮ್ಮ ಪ್ರಾಜೆಕ್ಟ್ ಕೆಲಸವನ್ನು ಕಣ್ಣಾರೆ ಕಂಡವರೇ ಬರೆಯಲಿ.

ಅರ್ಜಿಗೆ ಮುಂಚೆ ಇನ್ನೊಂದು ಕೆಲಸ ಮಾಡಿ. ಊರಿನ ನಾಲ್ಕೈದು ಬೋರ್‌ವೆಲ್‌ಗಳ ನೀರು ಹಿಡಿದು ಪರೀಕ್ಷೆ ಮಾಡಿಸಿ. ಪ್ಲಾಸ್ಟಿಕ್ ಬಾಟಲಿಯಲ್ಲೇ ಹಿಡಿಯಿರಿ, ಗಾಜು ಬೇಡ. ಪ್ರತಿ ಬಾಟಲಿ ಮೇಲೆ ತಾರೀಖು, ಬೋರ್‌ವೆಲ್ಲಿನ ಆಳ ಬರೆದಿಡಿ. ಬಂದ ಅಂಕಿಗಳನ್ನು ಅರ್ಜಿಯ ಮೊದಲ ಪ್ಯಾರಾದಲ್ಲೇ ಹಾಕಿ.