ಒತ್ತಿದರೆ ಬಣ್ಣ ಬದಲಿಸುವ ಜೆಲ್

ಪ್ರಶ್ನೆ: ಬೆರಳಿನಿಂದ ಒತ್ತಿದಾಗ ಕೆಂಪಿನಿಂದ ಹಸಿರಿಗೆ, ನೀಲಿಗೆ ತಿರುಗುವ ಮೆತ್ತನೆಯ ಹೈಡ್ರೋಜೆಲ್‌ಗಳಲ್ಲಿ ಯಾವ ಬಣ್ಣ ಬೆರೆಸಿರುತ್ತಾರೆ? ಕೈ ತೆಗೆದ ಮೇಲೆ ಮೊದಲಿನ ಬಣ್ಣ ಮರಳುವುದು ಹೇಗೆ?

ಉತ್ತರ: ಈ ಬಗೆಯ ಜೆಲ್‌ಗೆ ಬಣ್ಣ ಬೆರೆಸುವ ಅಗತ್ಯವೇ ಇಲ್ಲ, ಅದರಲ್ಲಿ ಬಹುಪಾಲು ಇರುವುದು ನೀರು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಜಿಯಾನ್ ಪಿಂಗ್ ಗೊಂಗ್ ಅವರ ತಂಡ ರೂಪಿಸಿದ ಜೆಲ್ ಇದಕ್ಕೆ ಸೊಗಸಾದ ಉದಾಹರಣೆ. ಅದರಲ್ಲಿ ನೀರು ಹೀರಿ ಉಬ್ಬಿದ ಪಾಲಿಅಕ್ರಿಲಮೈಡ್ ಎಂಬ ಪಾಲಿಮರ್‌ನ (ಉದ್ದ ಅಣುಸರಪಳಿಗಳ ವಸ್ತುವಿನ) ಪದರಗಳ ನಡುವೆ, ಕೆಲವೇ ನ್ಯಾನೋಮೀಟರ್ ದಪ್ಪದ, ನೀರಿಗೆ ಒಗ್ಗದ ಹಾಳೆಗಳು ಸಾವಿರಾರು ಸಂಖ್ಯೆಯಲ್ಲಿ ಒಂದರ ಮೇಲೊಂದು ಸಮಾನಾಂತರವಾಗಿ ಕುಳಿತಿರುತ್ತವೆ. ತಯಾರಿಕೆಯ ಹಂತದಲ್ಲಿ ದ್ರಾವಣವನ್ನು ಗಾಜಿನ ಫಲಕಗಳ ನಡುವಿನ ಸಂದಿಯಲ್ಲಿ ಹರಿಸಿ, ಹರಿವಿನ ಸೆಳೆತಕ್ಕೆ ಹಾಳೆಗಳು ಸಾಲುಗೂಡಿದ ಮೇಲೆ ನೇರಳಾತೀತ ಬೆಳಕು ಬೀರಿ ಜೆಲ್ ಆಗಿಸುತ್ತಾರೆ.

ಪ್ರತಿ ಹಾಳೆಯೂ ಬೆಳಕಿನ ಸ್ವಲ್ಪ ಭಾಗವನ್ನು ಪ್ರತಿಫಲಿಸುತ್ತದೆ. ಸೋಪಿನ ಗುಳ್ಳೆಯಲ್ಲಿ ಆಗುವಂತೆ, ಹಾಗೆ ಮರಳಿದ ಅಲೆಗಳು ಒಂದನ್ನೊಂದು ಬಲಪಡಿಸಿದ ಬಣ್ಣವಷ್ಟೇ ನಮಗೆ ಎದ್ದು ಕಾಣುತ್ತದೆ. ನೇರವಾಗಿ ಮೇಲಿನಿಂದ ನೋಡುವಾಗ ಹಾಳೆಗಳ ಅಂತರ ಸುಮಾರು 240 ನ್ಯಾನೋಮೀಟರ್ ಇದ್ದರೆ ಕೆಂಪು, 170ಕ್ಕೆ ಇಳಿದರೆ ನೀಲಿ. ಒತ್ತಿದಾಗ ಜೆಲ್ ತೆಳುವಾಗಿ ಪಕ್ಕಕ್ಕೆ ಹರಡಿಕೊಳ್ಳುವುದರಿಂದ ಈ ಅಂತರ ಕುಗ್ಗುತ್ತದೆ. ಬಿಟ್ಟಾಗ ಪಾಲಿಮರ್ ಜಾಲದ ಸ್ಥಿತಿಸ್ಥಾಪಕತ್ವವೇ ಅದನ್ನು ಮೊದಲಿನ ಸ್ಥಿತಿಗೆ ತರುತ್ತದೆ.

ಊಸರವಳ್ಳಿಯ ಚರ್ಮವೂ ಇದೇ ತತ್ತ್ವವನ್ನು ಬಳಸುತ್ತದೆ ಎಂಬುದನ್ನು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಅಲ್ಲಿ ಬದಲಾಗುವುದು ಚರ್ಮದ ಕೋಶಗಳಲ್ಲಿರುವ ಗ್ವಾನಿನ್ ಎಂಬ ವಸ್ತುವಿನ ಸೂಕ್ಷ್ಮ ಹರಳುಗಳ ನಡುವಿನ ಅಂತರ. ಒತ್ತಡ ಎಲ್ಲಿ, ಎಷ್ಟು ಬಿದ್ದಿದೆ ಎಂಬುದನ್ನು ವಿದ್ಯುತ್ತಿಲ್ಲದೆಯೇ ಕಣ್ಣಿಗೆ ತೋರಿಸಬಲ್ಲದು ಎಂಬುದೇ, ನನ್ನ ದೃಷ್ಟಿಯಲ್ಲಿ, ಈ ಜೆಲ್‌ನ ದೊಡ್ಡ ಗುಣ. ಆದರೆ ನೋಡುವ ಕೋನ ಬದಲಾದರೂ ಬಣ್ಣ ಬದಲಾಗುವುದರಿಂದ, ಅಳತೆಗೆ ಬಳಸುವಾಗ ಕೋನವನ್ನು ಸ್ಥಿರವಾಗಿಡಲೇಬೇಕು.