ಎರಡೂ ತುದಿ ಹಿಂಜ್ ಆದರೆ ಅಡ್ಡ ರಿಯಾಕ್ಷನ್ ಸೊನ್ನೆಯಾ?

ಪ್ರಶ್ನೆ: ಟ್ರಸ್‌ನ (ಮೆಂಬರು ಅನ್ನೋ ಸರಳುಗಳನ್ನು ತ್ರಿಕೋನವಾಗಿ ಜೋಡಿಸಿದ ಚೌಕಟ್ಟು) ಎರಡೂ ತುದಿಗೆ ಹಿಂಜ್ ಸಪೋರ್ಟ್ (ತಿರುಗಬಹುದು, ಜರಗುವಂತಿಲ್ಲ) ಕೊಟ್ಟಿದ್ದಾರೆ. ಗೊತ್ತಿಲ್ಲದ ರಿಯಾಕ್ಷನ್ (ಸಪೋರ್ಟ್ ತಿರುಗಿ ಕೊಡುವ ಬಲ) ನಾಲ್ಕು, ಸಮೀಕರಣ ಮೂರೇ. ಲೋಡೆಲ್ಲ ನೇರ ಕೆಳಕ್ಕೆ ಇದೆಯಲ್ಲ ಅಂತ ಅಡ್ಡ ರಿಯಾಕ್ಷನ್ ಸೊನ್ನೆ ಹಾಕಿದೆ. ಉತ್ತರ ತಪ್ಪು ಅಂದರು. ಎಇ (ಮೆಂಬರಿನ ಅಡ್ಡಕೊಯ್ತದ ವಿಸ್ತೀರ್ಣ ಗುಣಿಸು ಉಕ್ಕಿನ ಬಿಗಿತ) ಬೆಲೆ ಕೊಟ್ಟೇ ಇಲ್ಲ, ಮತ್ತೆ ಹೇಗೆ ಬಿಡಿಸೋದು? ಇನ್ನೊಂದು ಲೆಕ್ಕದಲ್ಲಿ ಒಂದು ಚೌಕದೊಳಗೆ ಎಕ್ಸ್ ಆಕಾರದ ಎರಡು ಕರ್ಣಗಳಿವೆ. ಅದಕ್ಕೂ ಇದೇ ದಾರಿಯಾ?
– ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನೀವು ಅರ್ಧ ಸರಿ. ಅಡ್ಡಕ್ಕೆ ಲೋಡ್ ಇಲ್ಲದಿದ್ದರೆ ಎರಡು ಅಡ್ಡ ರಿಯಾಕ್ಷನ್ ಕೂಡಿದಾಗ ಸೊನ್ನೆ ಬರಬೇಕು, ನಿಜ. ಆದರೆ ಟ್ರಸ್ ಕೂತ ಎಡದ ಗೋಡೆ 16 ಕಿಲೋನ್ಯೂಟನ್ ಬಲಗಡೆಗೆ ತಳ್ಳಿ, ಬಲದ ಗೋಡೆ ಅಷ್ಟೇ ಎಡಕ್ಕೆ ತಳ್ಳಿದರೂ ಮೊತ್ತ ಸೊನ್ನೆಯೇ ಅಲ್ವಾ?

16 ಅಂತ ಸುಮ್ನೆ ಹೇಳಲಿಲ್ಲ. ಎಲ್ಲಕ್ಕಿಂತ ಚಿಕ್ಕ ಟ್ರಸ್ ತಗೊಳ್ಳಿ: ಒಂದು ತ್ರಿಕೋನ. ಬುಡ 8 ಮೀಟರ್, ಎತ್ತರ 3 ಮೀಟರ್, ಎರಡು ಓರೆ ಮೆಂಬರು ತಲಾ 5 ಮೀಟರ್. ಮೇಲಿನ ತುದಿಯಲ್ಲಿ 24 ಕಿಲೋನ್ಯೂಟನ್ ಲೋಡ್. ನೇರ ರಿಯಾಕ್ಷನ್ ಎರಡೂ ಕಡೆ 12. ಓರೆ ಮೆಂಬರಿನಲ್ಲಿ 20 ಒತ್ತಡ, ಅದರ ಅಡ್ಡ ಪಾಲು 16. ಈ 16 ಅನ್ನು ಹಿಡಿಯೋದು ಯಾರು? ಎರಡು ತುದಿಯನ್ನು ಎಳೆದು ಕಟ್ಟುವ ಕೆಳಗಿನ ಟೈ ಮೆಂಬರೋ, ಗೋಡೆಯೋ? ಸಮತೋಲನದ ಮೂರು ಸಮೀಕರಣ ಇದಕ್ಕೆ ಬಾಯಿ ಬಿಡೋದಿಲ್ಲ. ಏನು ಎಷ್ಟು ಜರಗುತ್ತೆ ಅಂತ ಕೇಳಬೇಕು.

ಬಲಗಡೆಯ ಹಿಂಜ್ ತೆಗೆದು, ಅಡ್ಡಕ್ಕೆ ಜರಗಲು ಬಿಡುವ ರೋಲರ್ ಇಡಿ. ಈಗ ಟೈ ಒಂದೇ 16 ಅನ್ನು ಎಳೆದು ಹಿಡಿಯಬೇಕು. ಅದು 1000 ಚದರ ಮಿಲಿಮೀಟರ್‌ನ ಉಕ್ಕಾದರೆ, ಎಇ 2 ಲಕ್ಷ ಕಿಲೋನ್ಯೂಟನ್. ಟೈ 0.64 ಮಿಲಿಮೀಟರ್ ಉದ್ದ ಆಗುತ್ತೆ, ರೋಲರ್ ಅಷ್ಟು ಹೊರಗೆ ಜರಗುತ್ತೆ. ಇನ್ನು ಲೋಡ್ ತೆಗೆದು, ರೋಲರ್ ತುದಿಯನ್ನು 1 ಕಿಲೋನ್ಯೂಟನ್‌ನಿಂದ ಒಳಗೆ ತಳ್ಳಿ. ಓರೆ ಮೆಂಬರುಗಳಿಗೆ ಇದರ ಬಿಸಿ ತಟ್ಟೋದೇ ಇಲ್ಲ, ಟೈ ಮಾತ್ರ 0.04 ಮಿಲಿಮೀಟರ್ ಕುಗ್ಗುತ್ತೆ. ಹಿಂಜ್ ಇದ್ದಾಗ ತುದಿ ಜರಗಲೇಬಾರದು. ಹಾಗಾಗಿ 0.64 ಭಾಗಿಸು 0.04: 16. ಪೂರ್ತಿ ಗೋಡೆಯ ಮೇಲೆ, ಟೈನಲ್ಲಿ ಸೊನ್ನೆ! ಅರ್ಧ ಚಿಲ್ಲರೆ ಮಿಲಿಮೀಟರ್ ಜಾಗ ಕೊಡ್ತೀರೋ ಇಲ್ಲವೋ ಅನ್ನೋದರ ಮೇಲೆ ಇಷ್ಟು ವ್ಯತ್ಯಾಸ.

ದೊಡ್ಡ ಟ್ರಸ್‌ಗೂ ಇಷ್ಟೇ, ಕೋಷ್ಟಕ ಉದ್ದ ಆಗುತ್ತೆ ಅಷ್ಟೇ. ಪ್ರತಿ ಮೆಂಬರಿಗೂ ಲೋಡಿನ ಬಲ, 1 ಕಿಲೋನ್ಯೂಟನ್‌ನ ಬಲ, ಉದ್ದ ಮೂರನ್ನೂ ಗುಣಿಸಿ, ಎಇಯಿಂದ ಭಾಗಿಸಿ, ಎಲ್ಲ ಕೂಡಿ: ಇದು 0.64ರ ಜಾಗಕ್ಕೆ. ಲೋಡಿನ ಬಲದ ಬದಲು 1 ಕಿಲೋನ್ಯೂಟನ್‌ನ ಬಲವನ್ನೇ ಎರಡು ಸಲ ಗುಣಿಸಿ ಕೂಡಿದ್ದು 0.04ರ ಜಾಗಕ್ಕೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಈ ದಾರಿಯನ್ನು 1864ರಲ್ಲಿ ತೋರಿಸಿದ್ದು ಮ್ಯಾಕ್ಸ್‌ವೆಲ್. ಹೌದು, ಕರೆಂಟು, ಕಾಂತದ ಪಾಠದಲ್ಲಿ ಬರುವ ಅದೇ ಮ್ಯಾಕ್ಸ್‌ವೆಲ್. 1874ರಲ್ಲಿ ಜರ್ಮನಿಯ ಎಂಜಿನಿಯರ್ ಮೋರ್ ಇದನ್ನು ತಾವಾಗೇ ಕಂಡುಕೊಂಡರು. ಎಲ್ಲ ಮೆಂಬರಿನ ಎಇ ಒಂದೇ ಆದರೆ ಭಾಗಿಸುವಾಗ ಮೇಲಿನದೂ ಕೆಳಗಿನದೂ ಹೊಡೆದುಹೋಗುತ್ತೆ. ನಿಮ್ಮ ಲೆಕ್ಕದಲ್ಲಿ ಅದನ್ನು ಕೊಡದಿರೋದು ಅದಕ್ಕೇ.

ಆದರೆ ನಿಜವಾದ ಗೋಡೆ ಪುಸ್ತಕದ ಹಿಂಜ್‌ನಷ್ಟು ಹಟಮಾರಿ ಅಲ್ಲ. ಕಿಲೋನ್ಯೂಟನ್‌ಗೆ 0.12 ಮಿಲಿಮೀಟರ್ ಬಗ್ಗುವ ಗೋಡೆ ಅಂತಿಟ್ಟುಕೊಳ್ಳಿ. ಆಗ 0.64 ಅನ್ನು 0.04 ಮತ್ತು 0.12ರ ಮೊತ್ತದಿಂದ ಭಾಗಿಸಬೇಕು. ಗೋಡೆಗೆ ಬರೀ 4, ಮಿಕ್ಕ 12 ಟೈಗೆ. ಇಲ್ಲಿ ಎಇ ಹೊಡೆದುಹೋಗಲಿಲ್ಲ, ಗಮನಿಸಿ.

ಒಂದು ಗೋದಾಮಿನ ಕೆಲಸದಲ್ಲಿ ನಾನು ಟ್ರಸ್‌ನ ಒಂದು ತುದಿಯ ಬೋಲ್ಟಿಗೆ ಉದ್ದನೆಯ ತೂತು ಇಡಿಸಿದ್ದೆ, ಜರಗಲಿ ಅಂತ. ಮರುದಿನ ಹೋಗಿ ನೋಡಿದರೆ ವೆಲ್ಡರ್ ಪ್ಲೇಟಿನ ಸುತ್ತ ವೆಲ್ಡ್ ಹೊಡೆದು ಕೂತಿದ್ದ. ‘ಗಟ್ಟಿ ಇರ್ಲಿ ಅಂತ ಹೊಡ್ದೆ ಸಾರ್!’ ತೆಗೆಸಿದೆ. ನಮ್ಮ ತ್ರಿಕೋನಕ್ಕೆ ಇದೇ ಆಗಿ, ಬಿಸಿ 30 ಡಿಗ್ರಿ ಏರಿದರೆ, 8 ಮೀಟರಿನ ಉಕ್ಕು 2.88 ಮಿಲಿಮೀಟರ್ ಹಿಗ್ಗಲು ನೋಡುತ್ತೆ. ಗೋಡೆ ಒಂಚೂರೂ ಬಿಡದಿದ್ದರೆ 72 ಕಿಲೋನ್ಯೂಟನ್, ಲೋಡಿನಿಂದ ಬಂದದ್ದರ ನಾಲ್ಕೂವರೆ ಪಟ್ಟು. ಅಷ್ಟು ಬರುವ ಮೊದಲೇ ಸಣಕಲು ಟೈ ಬಳುಕುತ್ತೆ, ಇಲ್ಲಾ ಗೋಡೆ ಬಿರುಕು ಬಿಡುತ್ತೆ.

ಮೂರು ಸಪೋರ್ಟ್ ಮೇಲೆ ಒಂದೇ ಉದ್ದಕ್ಕೆ ಕೂತ ಟ್ರಸ್‌ನಲ್ಲಿ ನಡುವಿನ ಕಂಬ ತೆಗೆದು ಇದೇ ಆಟ ಆಡಿ. ಈ ಸಲ ಕೆಳಕ್ಕೆ ಜೋಲುವ ಲೆಕ್ಕ. ಅಮೆರಿಕದ ಒಹಾಯೋ ನದಿ ಮೇಲೆ ಗುಸ್ತಾವ್ ಲಿಂಡೆಂಥಾಲ್ ಕಟ್ಟಿಸಿದ ಸೈಯೋಟೋವಿಲ್ ರೈಲು ಸೇತುವೆ ಈ ಜಾತಿಯದು, ಸುಮಾರು 236 ಮೀಟರಿನ ಎರಡು ಅಂಕಣ. ಇಂಥದರಲ್ಲಿ ನಡುವಿನ ಕಂಬ ತಳದಲ್ಲಿ ಕುಸಿದರೆ ರಿಯಾಕ್ಷನ್ ಎಲ್ಲ ಬದಲಾಗುತ್ತೆ. ಕುಸಿತ ಕೊಟ್ಟಿದ್ದರೆ ಅದನ್ನು ಜೋಲಿನಿಂದ ಕಳೆದು ಆಮೇಲೆ ಭಾಗಿಸಿ. ಆಗ ಎಇ ಬೇಕೇ ಬೇಕು.

ಎಕ್ಸ್ ಕರ್ಣದ ಲೆಕ್ಕಕ್ಕೆ ಮೊದಲು ಸಪೋರ್ಟ್ ನೋಡಿ. ಒಂದು ಹಿಂಜ್, ಒಂದು ರೋಲರ್ ಇದ್ದರೆ ರಿಯಾಕ್ಷನ್ ಮೂರೇ, ಎಂದಿನ ಮೂರು ಸಮೀಕರಣದಲ್ಲೇ ಸಿಗುತ್ತೆ. ಜಾಸ್ತಿ ಆಗಿರೋದು ಒಳಗಿನ ಒಂದು ಮೆಂಬರು. ರಿಯಾಕ್ಷನ್ ಬರೆದಿಟ್ಟುಕೊಂಡು, ಒಂದು ಕರ್ಣವನ್ನು ಕತ್ತರಿಸಿ, ಕೋಷ್ಟಕ ಹಾಕಿ.