ನೋಟಿಸ್ ಬಂದಿದೆ, ಅರ್ಥ ಹೇಳುವವರು ಯಾರು?

ಓದುಗರ ಪತ್ರ: ನನ್ನ ತಂಗಿ ಎಂಟು ತಿಂಗಳಿಂದ ತವರಿನಲ್ಲಿದ್ದಾಳೆ. ಗಂಡನ ಕಡೆಯಿಂದ ಕೋರ್ಟ್ ನೋಟಿಸ್ ಬಂತು. ‘ದಾಂಪತ್ಯ ಹಕ್ಕುಗಳ ಪುನರ್‌ಸ್ಥಾಪನೆ’ ಎಂದು ಬರೆದಿತ್ತು. ಡೈವೋರ್ಸ್ ಎಂದುಕೊಂಡು ಮನೆಯವರೆಲ್ಲ ಅತ್ತೆವು. ಊರ ಹಿರಿಯರು, ‘ಕೋರ್ಟು ಬ್ಯಾಡ, ಬಾಂಡ್ ಮ್ಯಾಲ ಸೋಡಚೀಟಿ ಬರಸ್ಕೊಂಡು ಮುಗಸ್ರಿ’ ಎನ್ನುತ್ತಾರೆ. ಕಾನೂನಿನ ಮಾತು ನಮ್ಮಂಥವರಿಗೆ ಅಲ್ಲ ಬಿಡಿ. ಆದರೂ ತಿಳಿಸಿ.
– ಅಂಗನವಾಡಿ ಕಾರ್ಯಕರ್ತೆ, ಶಹಾಪುರ ತಾಲ್ಲೂಕು

ಸಂಪಾದಕರ ಉತ್ತರ:

ಅಕ್ಕಾವ್ರೆ, ‘ನಮ್ಮಂಥವರಿಗೆ ಅಲ್ಲ’ ಎಂದು ಬರೆದಿರಲ್ಲ, ಅದಕ್ಕೆ ನಿಮ್ಮ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ದಿನವೂ ಮಕ್ಕಳ ತೂಕ ನೋಡಿ, ರಿಜಿಸ್ಟರು ತುಂಬಿ, ಸರ್ಕಾರದ ಹತ್ತು ನಮೂನೆ ಬರೆಯುವವರು ನೀವು. ನೋಟಿಸ್ ನಿಮ್ಮ ಮನೆಯ ಹೆಸರಿಗೆ ಬಂದಿದೆ. ಅದು ನಿಮಗಲ್ಲದೆ ಇನ್ಯಾರಿಗೆ?

ಮೊದಲು ಕಣ್ಣೊರೆಸಿಕೊಳ್ಳಿ. ಅದು ಡೈವೋರ್ಸ್ ನೋಟಿಸ್ ಅಲ್ಲ. ‘ಹೆಂಡತಿ ಕಾರಣವಿಲ್ಲದೆ ಬಿಟ್ಟು ಹೋಗಿದ್ದಾಳೆ, ಬಂದು ನನ್ನ ಜೊತೆ ಬಾಳಲಿ’ ಎಂದು ಗಂಡ ಕೇಳಿಕೊಂಡ ಅರ್ಜಿ. 1955ರ ಹಿಂದೂ ವಿವಾಹ ಕಾಯ್ದೆಯ 9ನೇ ಕಲಂ. ಇದೇ ಅರ್ಜಿಯನ್ನು ಹೆಂಡತಿಯೂ ಹಾಕಬಹುದು. ಮನೆ ಬಿಟ್ಟು ಬರಲು ನಿಮ್ಮ ತಂಗಿಗೆ ಸರಿಯಾದ ಕಾರಣವಿದ್ದರೆ, ಹೊಡೆತ ಇರಲಿ, ವರದಕ್ಷಿಣೆ ಕಾಟ ಇರಲಿ, ಅದನ್ನು ಕೋರ್ಟಿನಲ್ಲಿ ಹೇಳಬೇಕು. ಡಿಕ್ರಿ, ಅಂದರೆ ಕೋರ್ಟಿನ ತೀರ್ಪು, ಗಂಡನ ಪರ ಆದರೂ ಪೊಲೀಸರು ಬಂದು ಕೈಹಿಡಿದು ಎಳೆದೊಯ್ಯುವುದಿಲ್ಲ. ಆದರೆ ಡಿಕ್ರಿಯಾಗಿ ಒಂದು ವರ್ಷ ಕಳೆದರೂ ಇಬ್ಬರೂ ಕೂಡಿ ಬಾಳದಿದ್ದರೆ, ಅದನ್ನೇ ಕಾರಣ ಮಾಡಿ ವಿಚ್ಛೇದನ ಕೇಳಲು ದಾರಿಯಾಗುತ್ತದೆ. ಹಾಗಾಗಿ ಈ ನೋಟಿಸನ್ನು ಸುಮ್ನೆ ಮಡಿಚಿ ದೇವರ ಜಗುಲಿ ಮೇಲೆ ಇಡಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಕೆಲವು ವರ್ಷದ ಹಿಂದೆ ಕೋರ್ಟ್ ಆವರಣದ ಬೇವಿನ ಮರದ ಕೆಳಗೆ ಒಬ್ಬ ಹೆಣ್ಣುಮಗಳು ನನ್ನ ಕೈಗೆ ಒಂದು ಕಾಗದ ಕೊಟ್ಟು ಓದಲು ಹೇಳಿದ್ದಳು. ‘ಎಕ್ಸ್‌ಪಾರ್ಟಿ ಆಗ್ಯಾದ ಅಂದ್ರು, ಕೇಸ್ ಮುಗೀತಲ್ರಿ?’ ಎಂದಳು. ಮುಖದಲ್ಲಿ ನಿರಾಳ ಇತ್ತು. ಎಕ್ಸ್‌ಪಾರ್ಟಿ, ಕನ್ನಡದಲ್ಲಿ ಏಕಪಕ್ಷೀಯ, ಅಂದರೆ ಒಬ್ಬರ ಮಾತು ಮಾತ್ರ ಕೇಳಿ ಕೊಟ್ಟ ತೀರ್ಪು. ನಾಲ್ಕು ತಾರೀಖಿಗೆ ಅವಳು ಹೋಗಿರಲಿಲ್ಲ. ಮದುವೆಯೇ ಮುರಿದು ಹೋಗಿತ್ತು, ಅವಳಿಗೆ ಗೊತ್ತಿರಲಿಲ್ಲ. ಓದಿ ಹೇಳುವಾಗ ನನ್ನ ನಾಲಿಗೆ ಒಣಗಿತ್ತು. ಅಂಥ ತೀರ್ಪನ್ನು ರದ್ದು ಮಾಡಿ ಎಂದು ಕೇಳಲು ಅವಕಾಶವಿದೆ. ಆದರೆ ತಡ ಮಾಡಿದಷ್ಟೂ ಕಷ್ಟ.

ಇನ್ನು ಸೋಡಚೀಟಿ, ಅಂದರೆ ಕೋರ್ಟಿಗೆ ಹೋಗದೆ ಗಂಡ ಹೆಂಡತಿ ಬೇರೆಯಾದೆವೆಂದು ಬರೆದುಕೊಳ್ಳುವ ಕಾಗದ. ಹಿರಿಯರ ಕಾಳಜಿ ನನಗೆ ಅರ್ಥವಾಗುತ್ತದೆ, ಕೋರ್ಟಿನ ಓಡಾಟ ಯಾರಿಗೆ ಬೇಕು? ಕೆಲವು ಸಮುದಾಯಗಳಲ್ಲಿ ಈ ಪದ್ಧತಿ ಇದ್ದದ್ದು ನಿಜ. ಅದೇ ಕಾಯ್ದೆಯ 29ನೇ ಕಲಂ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಹಿಂದಿನಿಂದ ನಡೆದು ಬಂದಿದೆ ಎಂದು ಸಾಕ್ಷಿ ಸಮೇತ ತೋರಿಸಬೇಕು. ಬರೀ ಬಾಂಡ್ ಪೇಪರು, ನೋಟರಿ ಸೀಲು ಇದ್ದರೆ ಮದುವೆ ಮುರಿಯುವುದಿಲ್ಲ. ಅದನ್ನು ನಂಬಿ ಮರುಮದುವೆ ಮಾಡಿದರೆ ಎರಡನೇ ಮದುವೆಯೇ ಅಸಿಂಧು, ಮೇಲೆ ಕ್ರಿಮಿನಲ್ ಕೇಸು. ಇಬ್ಬರಿಗೂ ಬೇರೆಯಾಗುವುದೇ ಬೇಕಿದ್ದರೆ ‘ಪರಸ್ಪರ ಒಪ್ಪಿಗೆಯ ವಿಚ್ಛೇದನ’ ಇದೆ. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ತಕ್ಕ ಸಂದರ್ಭದಲ್ಲಿ ಆ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೀರ್ಪು ಆಗುವ ತನಕ ಒಪ್ಪಿಗೆ ಹಿಂದಕ್ಕೆ ಪಡೆಯುವ ಹಕ್ಕೂ ನಿಮ್ಮ ತಂಗಿಗಿದೆ.

ಜೀವನಾಂಶದ ಬಗ್ಗೆ ನೀವು ಕೇಳಿಲ್ಲ. ಕೇಳಬೇಕಿತ್ತು. ಕೇಸು ನಡೆಯುವಾಗಲೇ ಸಿಗುವುದು ಮಧ್ಯಂತರ ಜೀವನಾಂಶ, ಅದರ ಜೊತೆಗೆ ಕೋರ್ಟ್ ಖರ್ಚನ್ನೂ ಕೇಳಬಹುದು. ಕೇಸು ಮುಗಿದಾಗ ನಿಗದಿಯಾಗುವುದು ಶಾಶ್ವತ ಜೀವನಾಂಶ. ಗಂಡ ಹೆಂಡತಿ ಇಬ್ಬರೂ ಆದಾಯ, ಆಸ್ತಿ, ಸಾಲದ ಪ್ರಮಾಣಪತ್ರ ಕೊಡಬೇಕು, ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಿಡಿಯಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೇಗ ಅರ್ಜಿ ಹಾಕಿ.

ಒಬ್ಬ ವಕೀಲ ಗೆಳೆಯರು ನನಗೆ ಹೇಳುತ್ತಿರುತ್ತಾರೆ: ‘ಒಂದು ಪದ ಆಚೀಚೆ ಆದರೆ ಕೇಸೇ ಬಿದ್ದು ಹೋಗುತ್ತದೆ, ಅದಕ್ಕೇ ಕಾನೂನಿನ ಭಾಷೆ ಬಿಗಿ.’ ಇರಬಹುದು, ಒಪ್ಪುತ್ತೇನೆ. ಆದರೆ ಬಿಗಿಯಾಗಿ ಬರೆದದ್ದನ್ನು ಎರಡು ನಿಮಿಷ ಕೂತು ಬಿಡಿಸಿ ಹೇಳಲು ಏನು ಅಡ್ಡಿ? ಹಳೆಯ ಕಾಲದ ಕಾನೂನು ಪಂಡಿತ ವಿಜ್ಞಾನೇಶ್ವರ ನಮ್ಮ ಕಲಬುರಗಿ ಜಿಲ್ಲೆಯ ಮರ್ತೂರಿನವರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅವರು ಬರೆದ ಮಿತಾಕ್ಷರ ಹೊಸ ಕಾನೂನಲ್ಲ, ಇದ್ದ ಕಾನೂನಿಗೆ ಬರೆದ ವಿವರಣೆ. ಕಾನೂನನ್ನು ಬಿಡಿಸಿ ಹೇಳುವುದೇ ದೊಡ್ಡ ಕೆಲಸ ಎಂದು ಒಂಬತ್ತು ನೂರು ವರ್ಷದ ಹಿಂದೆ ತೋರಿಸಿದ ಸೀಮೆ ಇದು.

ನನ್ನ ಅಜ್ಜ ನಿಜಾಮರ ಕಾಲದಲ್ಲಿ ಉರ್ದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಎರಡು ಎಕರೆ ಕಳೆದುಕೊಂಡರು. ಕಾಗದದಲ್ಲಿ ಏನಿತ್ತೆಂದು ಸಾಯುವ ತನಕ ಅವರಿಗೆ ಗೊತ್ತಾಗಲಿಲ್ಲ. 1948ರಲ್ಲಿ ನಿಜಾಮರ ಆಡಳಿತ ಹೋಯಿತು. 2008ರಲ್ಲಿ ಕಲಬುರಗಿಗೆ ಹೈಕೋರ್ಟ್ ಪೀಠ ಬಂತು, ಬೆಂಗಳೂರಿಗೆ ಹೋಗಿಬರುವ ಖರ್ಚು ಉಳಿಯಿತು. ಅಲ್ಲಿ ನಡೆಯುವುದು ಮಾತ್ರ ಇಂಗ್ಲಿಷು. ಕೆಳಗಿನ ಕೋರ್ಟುಗಳಲ್ಲಿ ಕನ್ನಡಕ್ಕೆ ಅಡ್ಡಿಯಿಲ್ಲ. ಆದರೂ ಎಷ್ಟೋ ಅರ್ಜಿಗಳು ಇಂಗ್ಲಿಷಿನಲ್ಲೇ ಬರುತ್ತವೆ. ಕನ್ನಡದಲ್ಲಿ ಬಂದರೂ ‘ಪುನರ್‌ಸ್ಥಾಪನೆ’ ಎಂಬಂಥ ಕನ್ನಡ. ‘ಮತ್ತೆ ಕೂಡಿ ಬಾಳಲು ಕೋರಿದ ಅರ್ಜಿ’ ಎಂದು ಬರೆದಿದ್ದರೆ ನಿಮ್ಮ ಮನೆಯಲ್ಲಿ ಆ ರಾತ್ರಿ ಯಾರೂ ಅಳುತ್ತಿರಲಿಲ್ಲ, ಅಲ್ವಾ?

ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಫೋನ್ 15100. ಕೋರ್ಟಿಗೆ ಹಾಜರಾಗುವ ತಾರೀಖು ಯಾವುದೆಂದು ನೀವು ಬರೆದಿಲ್ಲ. ನೋಟಿಸಿನಲ್ಲೇ ಇರುತ್ತದೆ, ಇವತ್ತೇ ತೆಗೆದು ನೋಡಿ.